ಲೇಸಿನಡಿಯ ನೋವು
ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಓಡುವವರನ್ನು ಮಾತಿಗೆಳೆದರೆ ಹಿಮ್ಮಡಿ ನೋವು, ಶೂ ತಳದ ಮೆತ್ತೆ ಅಂತ ಅಂಗಾಲಿನ ಪುರಾಣವೇ ಬಿಚ್ಚಿಕೊಳ್ಳುತ್ತದೆ. ಪಾದದ ಮೇಲ್ಭಾಗ ಯಾರ ಲೆಕ್ಕಕ್ಕೂ ಇಲ್ಲ. ಅಲ್ಲಿ ನೋವು ಕಾಣಿಸಿಕೊಂಡಾಗಲೂ ಮೊದಲು ಬದಲಾಗುವುದು ಶೂ. ಲೇಸಿನ ಕಡೆ ಕಣ್ಣು ಹೋಗುವುದು ಕೊನೆಗೆ.

ಬರಿಗಾಲಲ್ಲಿ ಕೂತು ಬೆರಳುಗಳನ್ನು ಮೇಲಕ್ಕೆತ್ತಿದರೆ ಚರ್ಮದಡಿ ಸೆಟೆದು ನಿಲ್ಲುತ್ತವಲ್ಲ, ಅವೇ ಸ್ನಾಯುರಜ್ಜುಗಳು. ಒಂದು ಹೆಬ್ಬೆರಳಿನ ತುದಿ ಮುಟ್ಟುತ್ತದೆ. ಪಕ್ಕದ್ದು ನಾಲ್ಕು ಕವಲಾಗಿ ಉಳಿದ ಬೆರಳುಗಳಿಗೆ ಹಂಚಿಹೋಗುತ್ತದೆ. ಒಳಬದಿಯ ದಪ್ಪ ರಜ್ಜು ಟಿಬಿಯಾಲಿಸ್ ಆಂಟೀರಿಯರ್; ಅದು ಬೆರಳಿನ ತನಕ ಹೋಗುವುದೇ ಇಲ್ಲ, ಪಾದದ ನಡುವೆಯೇ ಮೂಳೆ ಹಿಡಿದು ನಿಲ್ಲುತ್ತದೆ. ಇವನ್ನೆಲ್ಲ ಎಳೆಯುವ ಸ್ನಾಯುಗಳಿರುವುದು ಮೊಣಕಾಲಿನ ಕೆಳಗೆ, ಕಾಲಿನ ಮುಂಬದಿಯಲ್ಲಿ. ಹರಡಿನ ಬಳಿ ಅಡ್ಡಪಟ್ಟಿಗಳು ಒತ್ತಿ ಹಿಡಿದಿರದಿದ್ದರೆ, ಪಾದ ಎತ್ತಿದಾಗಲೆಲ್ಲ ರಜ್ಜುಗಳು ಬಿಲ್ಲಿನ ಹೆದೆಯಂತೆ ಮೂಳೆ ಬಿಟ್ಟು ಮೇಲೇಳುತ್ತಿದ್ದವು. ಹೆಬ್ಬೆರಳಿನ ರಜ್ಜುವಿನ ಹೊರಮಗ್ಗುಲಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಮಧುಮೇಹಿಗಳ ಪಾದ ನೋಡುವ ವೈದ್ಯರು ತಡಕುವ ಜಾಗಗಳಲ್ಲಿ ಅದೂ ಒಂದು.

ಅಂಗಾಲಿಗಿರುವ ಕೊಬ್ಬಿನ ಮೆತ್ತೆ ಇಲ್ಲಿಲ್ಲ. ಮೇಲೆ ತೆಳು ಚರ್ಮ, ಕೆಳಗೆ ಮೂಳೆ. ಶೂ ನಾಲಗೆ ಒಂದಿಷ್ಟು ಪಕ್ಕಕ್ಕೆ ಸರಿದು ಲೇಸು ಬಿಗಿಯಾಗಿ ಕೂತರೆ ಹೆಜ್ಜೆಹೆಜ್ಜೆಗೂ ಉಜ್ಜಾಟ.

ಇಳಿಜಾರಿನಲ್ಲಿ ಪಾಡು ಇನ್ನೂ ಕಷ್ಟ. ಹಿಮ್ಮಡಿ ನೆಲಕ್ಕೂರಿದ ಮೇಲೆ ಪಾದ ಪಟ್ಟನೆ ಬಡಿಯದಂತೆ ಮೆಲ್ಲಗೆ ಇಳಿಸುವವನು ಇದೇ ಟಿಬಿಯಾಲಿಸ್. ನಂದಿಬೆಟ್ಟದ 1,478 ಮೀಟರ್ ಎತ್ತರದಿಂದ ಕೆಳಗೋಡುವಾಗ ಅವನಿಗೆ ಬಿಡುವೇ ಇಲ್ಲ. ಸಾಲದ್ದಕ್ಕೆ, ಬೆರಳು ಶೂ ಮೂತಿಗೆ ತಾಗುತ್ತದೆಂದು ಲೇಸು ಇನ್ನಷ್ಟು ಬಿಗಿಯುತ್ತಾರೆ! 1921ರಲ್ಲಿ ಶುರುವಾದ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಇಳಿಯುವ ವರ್ಷ ಈ ಕಾಟ ಸುಮಾರು 90 ಕಿಲೋಮೀಟರ್ ಉದ್ದ.

ಪರೀಕ್ಷೆ ಸುಲಭ. ಬೆರಳುಗಳನ್ನು ಅಂಗೈಯಿಂದ ಅದುಮಿ ಹಿಡಿದು ಮೇಲಕ್ಕೆತ್ತಲು ನೋಡಬೇಕು. ರಜ್ಜುವಿನುದ್ದಕ್ಕೂ ನೋವು ಹರಿದರೆ ಅನುಮಾನ ಅದರ ಮೇಲೆಯೇ. ಆಗ ಕೆಲವು ದಿನ ಓಟಕ್ಕೆ ರಜೆ, ಮಂಜುಗಡ್ಡೆಯ ಉಪಚಾರ, ನೋವಿನ ಜಾಗದ ಮೇಲೆ ಲೇಸು ಅಡ್ಡ ಹಾಯದಂತೆ ಒಂದು ಜೊತೆ ತೂತು ಬಿಟ್ಟು ಕಟ್ಟುವುದು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿ ಜೋಮು ಹಿಡಿದಿದ್ದರೆ ಅದುಮಿಹೋಗಿರುವುದು ನರ. ಅದಕ್ಕೂ ಮೊದಲು ಮಾಡಬೇಕಾದದ್ದು ಲೇಸು ಸಡಿಲಿಸುವುದೇ.

ಮೂಳೆಯ ಮೇಲೆ ಒಂದೇ ಕಡೆ, ಬೆರಳಿಟ್ಟು ತೋರಿಸುವಂಥ ನೋವಾದರೆ ಮಾತ್ರ ಈ ಮನೆಮದ್ದು ಸಾಲದು. ಅದು ಮೂಳೆಯ ಬಿರುಕಿರಬಹುದು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣದೆ ಎಂಆರ್‌ಐಯಲ್ಲಿ ಸಿಕ್ಕಿಬೀಳುತ್ತದೆ. ಪಾದದ ಕಮಾನಿನ ನ್ಯಾವಿಕ್ಯುಲರ್ ಮೂಳೆ ಬಿರುಕು ಬಿಟ್ಟಿದ್ದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಆ ಕಾಲು ಊರುವಂತಿಲ್ಲ.