ಕಾಡುವ ತಾಯಿ, ಕಾಯುವ ತಾಯಿ: ಸವದತ್ತಿ–ಕಿತ್ತೂರು ಸೀಮೆಯ ಜನಪದದಲ್ಲಿ ಕೇಡಿನ ಪ್ರಶ್ನೆ

ದೇವರು ಕರುಣಾಳುವಾಗಿದ್ದರೆ ನಿರಪರಾಧಿಗೆ ನೋವು ಏಕೆ ಎಂಬ ಪ್ರಶ್ನೆಗೆ ಭಾರತೀಯ ದರ್ಶನಗಳು ಬಹುಮಟ್ಟಿಗೆ ಕರ್ಮಸಿದ್ಧಾಂತದ ಮೂಲಕ ಉತ್ತರ ನೀಡಿವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜನಪದವು ಇದೇ ಪ್ರಶ್ನೆಯನ್ನು ಕಥೆ, ಹಾಡು, ಆಚರಣೆಗಳಲ್ಲಿ ಎದುರಿಸಿದೆ. ದೈವದಿಂದ ಬಂದ ಸಂಕಟಕ್ಕೆ ಇಲ್ಲಿಯ ಆಡುಮಾತಿನಲ್ಲಿ ‘ಕಾಟ’ ಎಂದು ಹೆಸರು. ಕಾಡುವವಳೂ ಕಾಯುವವಳೂ ಒಬ್ಬಳೇ ತಾಯಿ ಎಂಬುದು ಎಲ್ಲಮ್ಮನ ಭಕ್ತರ ತಿಳಿವಳಿಕೆ. ಈ ತಿಳಿವಳಿಕೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ಪರಿಶೀಲಿಸುವುದು ಅಗತ್ಯ.

ಮಹಾಭಾರತದ ವನಪರ್ವದಲ್ಲಿ ರೇಣುಕೆಯ ಕಥೆ ಸಂಕ್ಷಿಪ್ತವಾಗಿದೆ. ಜಲಕ್ರೀಡೆಯಲ್ಲಿದ್ದ ರಾಜನನ್ನು ಕಂಡು ಆಕೆಯ ಮನಸ್ಸು ಚಲಿಸುತ್ತದೆ, ತಾಯಿಯನ್ನು ಕೊಲ್ಲಬೇಕೆಂಬ ಜಮದಗ್ನಿಯ ಆಜ್ಞೆಯನ್ನು ನಾಲ್ವರು ಮಕ್ಕಳು ನೆರವೇರಿಸುವುದಿಲ್ಲ, ಪರಶುರಾಮ ನೆರವೇರಿಸುತ್ತಾನೆ. ಬಳಿಕ ಅವನು ಬೇಡುವ ವರಗಳಲ್ಲಿ ತಾಯಿ ಮರಳಿ ಬದುಕಬೇಕೆಂಬುದರ ಜೊತೆಗೆ, ಕೊಲೆಯ ನೆನಪು ಆಕೆಗೆ ಉಳಿಯಬಾರದೆಂಬುದೂ ಸೇರಿದೆ. ನೋವನ್ನು ಮರೆವಿನಿಂದ ಪರಿಹರಿಸುವ ಈ ಕ್ರಮವನ್ನು ಸವದತ್ತಿಯ ಪರಂಪರೆ ಅನುಸರಿಸಿಲ್ಲ. ಚೌಡಿಕೆಯೊಂದಿಗೆ ಜೋಗತಿಯರು ಹಾಡುವ ಕಥನದ ಪಾಠಗಳಲ್ಲಿ ಶಾಪಗ್ರಸ್ತಳಾದ ಎಲ್ಲಮ್ಮ ಮೈತುಂಬ ರೋಗ ಹೊತ್ತು ಅಡವಿ ಅಲೆಯುತ್ತಾಳೆ; ಎಕ್ಕಯ್ಯ, ಜೋಗಯ್ಯರ ನೆರವಿನಿಂದ ಗುಣಹೊಂದುತ್ತಾಳೆ. ಭಕ್ತರು ಗುಡ್ಡಕ್ಕೆ ಹೋಗುವ ಮುನ್ನ ಜೋಗುಳಬಾವಿಯಲ್ಲಿ ಮಾಡುವ ಸ್ನಾನ ಈ ನೆನಪಿಗೆ ಸೇರಿದ್ದು. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿಯ ಮರಣದಿಂದ ದೇವಿ ವಿಧವೆಯಾಗುತ್ತಾಳೆ, ಬಳೆ ಒಡೆಯುತ್ತದೆ. ಮಾಘದ ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಪುರಾಣ ಮರೆಸಬಯಸಿದ ಸಂಕಟದ ಬಗೆಯನ್ನು ಆಚರಣೆ ವರ್ಷವರ್ಷವೂ ನೆನಪಿಗೆ ತರುತ್ತದೆ.

ಇಲ್ಲಿ ದುಃಖಕ್ಕೆ ಕಾರಣ ದೊರೆಯುವುದಿಲ್ಲ, ಒಡನಾಡಿ ದೊರೆಯುತ್ತಾಳೆ. ಗಂಡನನ್ನು ಕಳೆದುಕೊಂಡವಳು, ಚರ್ಮರೋಗದಿಂದ ಊರ ಹೊರಗಾದವಳು ಕೈಮುಗಿಯುವುದು ಅದನ್ನೇ ಉಂಡ ದೇವಿಗೆ. ಪೂರ್ವಜನ್ಮದ ಪಾಪವೆಂದು ನೊಂದವರನ್ನೇ ದೂರುವ ವಿವರಣೆಗಿಂತ ಇದು ಹೆಚ್ಚು ಮಾನವೀಯವಾದುದು.

ಆದರೆ ಇದೇ ಕಥನ ಒಂದು ಪ್ರಶ್ನೆಯನ್ನು ಮುಚ್ಚಿಡುತ್ತದೆ. ಶಾಪ ಕೊಟ್ಟವನು, ಕೊಲೆಗೆ ಆಜ್ಞೆಯಿತ್ತವನು ಋಷಿಯಾದುದರಿಂದ ಅವನ ಹೊಣೆ ‘ಶಾಪ’ ಎಂಬ ಪದದಲ್ಲಿ ಕರಗುತ್ತದೆ. ಬದುಕಿನಲ್ಲಿಯೂ ಹಾಗೆಯೇ ಆಯಿತು. ತಲೆಯಲ್ಲಿ ಜಡೆ ಕಟ್ಟಿದರೆ, ಮೈಮೇಲೆ ಹುಣ್ಣೆದ್ದರೆ, ಮಕ್ಕಳು ಉಳಿಯದಿದ್ದರೆ ಅದು ಎಲ್ಲಮ್ಮನ ಕಾಟವೆಂದು ತಿಳಿದು, ಪರಿಹಾರಕ್ಕಾಗಿ ಮನೆಯ ಹುಡುಗಿಗೆ ಮುತ್ತು ಕಟ್ಟಲಾಯಿತು. ಹಾಗೆ ಬಿಡಲ್ಪಟ್ಟವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಬಡತನ, ಜಾತಿ, ಉಳ್ಳವರ ಭೋಗಲಾಲಸೆ ಎಂಬ ಮನುಷ್ಯಕೃತ ಕಾರಣಗಳು ದೇವಿಯ ಇಚ್ಛೆಯ ಮರೆಯಲ್ಲಿ ಉಳಿದವು. ಸಂಕಟದಲ್ಲಿ ಜೊತೆಯಾದ ದೇವಿಯನ್ನೇ ಸಂಕಟಕ್ಕೆ ಹೊಣೆ ಮಾಡಿದ ಈ ಪಲ್ಲಟವನ್ನು ಅಧ್ಯಯನಗಳು ‘ನಂಬಿಕೆ’ ಎಂದಷ್ಟೇ ದಾಖಲಿಸಿ ಮುಂದೆ ಸಾಗುವುದು ಸಾಲದು.

ಇದೇ ಸೀಮೆಯ ಬೇರೆ ಪರಂಪರೆಗಳು ಭಿನ್ನ ದಾರಿ ಹಿಡಿದಿವೆ. ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಕ್ಷೇತ್ರ. ಪುರವಂತರ ಒಡಪುಗಳು ಸಾರುವ ವೀರಭದ್ರನ ಕಥೆಯಲ್ಲಿ ಸತಿಯ ಸಾವಿಗೆ ದಕ್ಷನೇ ಹೊಣೆ. ಯಜ್ಞ ನಡೆಸುವವನೆಂಬ ಹಿರಿಮೆ ಅವನನ್ನು ಕಾಯುವುದಿಲ್ಲ. ಕಿತ್ತೂರು 1824ರ ಅಕ್ಟೋಬರ್ 23ರಂದು ಗೆದ್ದು ಅದೇ ವರ್ಷದ ಡಿಸೆಂಬರಿನಲ್ಲಿ ಸೋತಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅಸುನೀಗಿದಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಧರ್ಮದ ಪಕ್ಷ ಏಕೆ ಸೋತಿತು ಎಂಬುದಕ್ಕೆ ಜನಸ್ಮೃತಿ ವಿಧಿಯನ್ನು ಮಾತ್ರ ತೋರಿಸಿ ಸುಮ್ಮನಾಗಲಿಲ್ಲ. ಮದ್ದಿಗೆ ಸಗಣಿ ಬೆರೆಸಿದ ದ್ರೋಹವನ್ನು ಹೇಳಿತು, ದ್ರೋಹಿಗಳ ಹೆಸರು ಹಿಡಿದು ಹೇಳಿತು.

ದೇವದಾಸಿಯರ ರಕ್ಷಣೆಗಾಗಿ ಮುಂಬಯಿ ಪ್ರಾಂತ್ಯ 1934ರಲ್ಲಿ ತಂದ ಕಾಯ್ದೆ, ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ 1982ರ ಕಾಯ್ದೆಗಳು ಸವದತ್ತಿಯ ಸಂದರ್ಭದಲ್ಲಿ ಮಾಡಿದ್ದೂ ಇದನ್ನೇ: ದೈವದ ಹೆಸರಿನಲ್ಲಿದ್ದ ಕೃತ್ಯವನ್ನು ಮನುಷ್ಯರ ಹೊಣೆಗೆ ತಂದವು. ಕಾನೂನು ಹೊರಗಿನಿಂದ ಬಂದಿತೆನ್ನುವವರು ಕಿತ್ತೂರಿನ ಲಾವಣಿಗಳನ್ನೂ ಗೊಡಚಿಯ ಒಡಪುಗಳನ್ನೂ ಗಮನಿಸಬೇಕು. ಹೊಣೆಗಾರನನ್ನು ಗುರುತಿಸುವ ವಿವೇಕ ಈ ನೆಲದ್ದೇ. ಕೇಡು ಏಕಿದೆ ಎಂಬ ಪ್ರಶ್ನೆಗೆ ಎಲ್ಲಮ್ಮನ ಪರಂಪರೆ ಸಮಾಧಾನವನ್ನು ನೀಡಿದೆ. ಕೇಡು ಯಾರಿಂದ ಎಂಬ ಪ್ರಶ್ನೆಯನ್ನೂ ಅದರ ಮುಂದಿಡುವುದು ಜಾನಪದ ವಿಮರ್ಶೆಯ ಕರ್ತವ್ಯವಾಗಿದೆ.