ಕಿರ್ದಿಯ ಒಂದು ಹಾಳೆ ತಪ್ಪಿದಾಗ

ಹಳೆಯ ಅಂಗಡಿಗಳ ಲೆಕ್ಕದಲ್ಲಿ ಕಿರ್ದಿ, ಖಾತೆ ಎಂಬ ಎರಡು ಪುಸ್ತಕಗಳಿದ್ದವು. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಕಿರ್ದಿಗೆ ಏರುತ್ತಿತ್ತು, ಆಮೇಲೆ ಅದು ಆಯಾ ಹೆಸರಿನ ಖಾತೆಗೆ ಖತಾವಣಿಯಾಗುತ್ತಿತ್ತು. ಇಂದಿನ ಡೇಟಾಬೇಸ್‌ಗಳೂ ಇದೇ ಪದ್ಧತಿಯವು. ಯಾವ ಬದಲಾವಣೆಯೇ ಆಗಲಿ ಮೊದಲು ಲಾಗ್ ಎಂಬ ಕಿರ್ದಿಗೆ ಬಿದ್ದು, ಅನಂತರ ಮೂಲ ಕಡತಗಳಿಗೆ ಸೇರುತ್ತದೆ; ಈ ಲಾಗನ್ನು ಒರಾಕಲ್‌ನಲ್ಲಿ ರೀಡೂ ಎಂದೂ ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ ಎಂದೂ ಕರೆಯುತ್ತಾರೆ. ಪ್ರೈಮರಿ ಎನಿಸಿಕೊಂಡ ಮುಖ್ಯ ಯಂತ್ರದ ಕಿರ್ದಿಯನ್ನು ಬೇರೊಂದು ಊರಿನ ಯಂತ್ರಕ್ಕೆ ಕಳುಹಿಸಿ, ಅಲ್ಲಿಯೂ ಅದೇ ಕ್ರಮದಲ್ಲಿ ಖತಾವಣಿ ಮಾಡುತ್ತ ಹೋದರೆ ಸಿದ್ಧವಾಗುವ ಜೋಡಿ ಪ್ರತಿಯೇ ಸ್ಟ್ಯಾಂಡ್‌ಬೈ.

ಗರುಡಾಚಾರ್‌ಪಾಳ್ಯದಿಂದ ಹೂಡಿ, ವೈಟ್‌ಫೀಲ್ಡ್‌ವರೆಗೆ ಸಾಲುಗಟ್ಟಿದ ಕಚೇರಿಗಳಲ್ಲಿ ದೂರದೇಶಗಳ ಡೇಟಾಬೇಸ್‌ಗಳನ್ನು ರಾತ್ರಿ ಪಾಳಿಯಲ್ಲಿ ಕಾಯುವ ಡಿಬಿಎಗಳಿಗೆ ಗ್ಯಾಪ್ ಎಂಬ ಮಾತು ನಿತ್ಯದ್ದು. ಅದರ ಅರ್ಥವೇನೆಂಬುದು ಇದೇ ರಸ್ತೆಯ ಮೇಲೆ ಆರು ತಿಂಗಳಿಗೂ ಹೆಚ್ಚು ಕಾಲ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್–ಕೆ.ಆರ್.ಪುರ ನಡುವಿನ 13.71 ಕಿ.ಮೀ. ಮೆಟ್ರೊ ಮಾರ್ಗ ಉದ್ಘಾಟನೆಯಾಗಿ ಗರುಡಾಚಾರ್‌ಪಾಳ್ಯಕ್ಕೂ ರೈಲು ಬಂತು, ಅತ್ತ ಬೈಯಪ್ಪನಹಳ್ಳಿಯಿಂದಾಚೆಗೆ ಮೊದಲಿನಿಂದಲೂ ಓಡುತ್ತಿತ್ತು. ನಡುವಿನ ಸುಮಾರು 2 ಕಿ.ಮೀ. ಮಾತ್ರ ಅಕ್ಟೋಬರ್ 9ರವರೆಗೆ ತೆರೆದಿರಲಿಲ್ಲ. ಪ್ರಯಾಣಿಕರು ಇಳಿದು ಬಸ್ಸು ಹತ್ತಿದರು. ಕಿರ್ದಿಗೆ ಆ ದಾರಿಯಿಲ್ಲ. ಉದಾಹರಣೆಗೆ 4211ನೆಯ ಲಾಗ್ ಬಾರದಿದ್ದರೆ, 4212ರಿಂದ 4300ರವರೆಗಿನವೆಲ್ಲ ಬಂದು ಡಿಸ್ಕಿನಲ್ಲಿ ಬಿದ್ದಿದ್ದರೂ ಒಂದನ್ನೂ ಏರಿಸಲು ಬರುವುದಿಲ್ಲ, ಏಕೆಂದರೆ ಮುಂದಿನ ಪ್ರತಿಯೊಂದು ನಮೂದೂ ಹಿಂದಿನದು ಖತಾವಣಿಯಾಗಿದೆ ಎಂಬ ನೆಚ್ಚಿಕೆಯ ಮೇಲೆ ನಿಂತಿರುತ್ತದೆ. ಒರಾಕಲ್‌ನ ಡೇಟಾ ಗಾರ್ಡ್‌ನಲ್ಲಿ ಈ ಸ್ಥಿತಿಗೆ ‘ವೇಟ್ ಫಾರ್ ಗ್ಯಾಪ್’ ಎಂದೇ ಹೆಸರು. ಸಂಪರ್ಕ ಸರಿಯಾಗಿದೆ, ಲಾಗ್‌ಗಳು ಬರುತ್ತಿವೆ ಎಂದು ಪರದೆ ಹೇಳುತ್ತಲೇ ಇರುವುದರಿಂದ ಹೊಸಬರು ಮೋಸಹೋಗುವುದು ಇಲ್ಲಿಯೇ.

ಆದ್ದರಿಂದ ನುರಿತವರು ಮೊದಲು ಕೇಳುವ ಪ್ರಶ್ನೆ, ಯಾವ ಲಾಗ್‌ನವರೆಗೆ ಖತಾವಣಿಯಾಗಿದೆ ಎಂಬುದು. ಪೋಸ್ಟ್‌ಗ್ರೆಸ್ ಇದನ್ನು ನಾಲ್ಕು ಅಂಕಿಗಳಲ್ಲಿ ತೋರಿಸುತ್ತದೆ: ಪ್ರೈಮರಿ ಎಲ್ಲಿಯವರೆಗೆ ಕಳುಹಿಸಿದೆ, ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಬರೆದುಕೊಂಡಿದೆ, ಎಲ್ಲಿಯವರೆಗಿನದು ಡಿಸ್ಕಿನಲ್ಲಿ ಗಟ್ಟಿಯಾಗಿದೆ, ಎಲ್ಲಿಯವರೆಗೆ ಏರಿಸಿದೆ. ಮೂರನೆಯ ಅಂಕಿ ಮುಂದೆ ಹೋಗಿ ನಾಲ್ಕನೆಯದು ಮಾತ್ರ ಹಿಂದುಳಿದಿದ್ದರೆ ನೆಟ್‌ವರ್ಕ್ ತಂಡವನ್ನು ಎಬ್ಬಿಸುವುದು ವ್ಯರ್ಥ. ಪ್ರೈಮರಿಯಲ್ಲಿ ನೂರು ಕೈಗಳು ಬರೆದದ್ದನ್ನು ಸ್ಟ್ಯಾಂಡ್‌ಬೈಯಲ್ಲಿ ಒಂದೇ ಪ್ರಕ್ರಿಯೆ ಏರಿಸಬೇಕಾಗಿರುತ್ತದೆ, ಇಲ್ಲವೇ ಸ್ಟ್ಯಾಂಡ್‌ಬೈಯಲ್ಲಿ ಓಡುತ್ತಿರುವ ತಿಂಗಳ ಕೊನೆಯ ದೊಡ್ಡ ವರದಿಯೊಂದು ಅದೇ ಸಾಲುಗಳನ್ನು ಹಿಡಿದು ಕುಳಿತಿರುತ್ತದೆ. ಅಂಥ ವರದಿಗಾಗಿ ಖತಾವಣಿ ಸಾಮಾನ್ಯವಾಗಿ 30 ಸೆಕೆಂಡು ಕಾದು ಬಳಿಕ ಅದನ್ನು ರದ್ದುಮಾಡುತ್ತದೆ. ಯಾರೋ ಆ ಮಿತಿಯನ್ನು ತೆಗೆದುಹಾಕಿ ಮರೆತಿದ್ದರೆ ವರದಿ ಮುಗಿಯುವವರೆಗೂ ಕಾಯುತ್ತದೆ.

ಗಡಿಯಾರವನ್ನು ನಂಬುವುದೂ ಅಪಾಯಕರ. ಕೊನೆಯ ವ್ಯವಹಾರ ಏರಿದ ಸಮಯವನ್ನು ಈಗಿನ ಸಮಯದಿಂದ ಕಳೆದು ಅದನ್ನೇ ಲ್ಯಾಗ್, ಅಂದರೆ ಹಿಂದುಳಿದ ಅವಧಿ, ಎಂದು ತೋರಿಸುವ ವಾಡಿಕೆ ಅನೇಕ ಕಡೆ ಇದೆ. ನಡುರಾತ್ರಿಯಲ್ಲಿ ಪ್ರೈಮರಿಗೆ ಹೊಸ ವ್ಯವಹಾರವೇ ಇಲ್ಲದಿದ್ದಾಗ, ಏರಿಸಬೇಕಾದದ್ದು ಒಂದೂ ಬಾಕಿಯಿಲ್ಲದೆಯೂ ಈ ಅಂಕಿ ನಿಮಿಷ ನಿಮಿಷಕ್ಕೆ ಬೆಳೆದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ.

ದೂರದ ಲೆಕ್ಕ ಬೇರೆಯೇ. ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ಬೆಂಗಳೂರಿನ ಹೆಬ್ಬಾಳದಲ್ಲಿಯೂ ಹರಿಯಾಣದ ಮಾನೇಸರದಲ್ಲಿಯೂ ಇವೆ. ನೇರ ಗೆರೆಯಲ್ಲಿ ಸುಮಾರು 1,700 ಕಿ.ಮೀ. ಇರುವ ಇಂಥ ಅಂತರವನ್ನು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವ ಬೆಳಕು ಹೋಗಿಬರಲು 17 ಮಿಲಿಸೆಕೆಂಡು ಬೇಕು. ಸ್ಟ್ಯಾಂಡ್‌ಬೈ ‘ತಲುಪಿತು’ ಎನ್ನುವವರೆಗೆ ಪ್ರತಿ ವ್ಯವಹಾರವನ್ನೂ ತಡೆಹಿಡಿಯುವ ಸಿಂಕ್ರೊನಸ್ ವಿಧಾನವನ್ನು ಈ ದೂರಕ್ಕೆ ಹೂಡಿದರೆ, ಒಂದಾದ ಮೇಲೊಂದು ನಡೆಯುವ ವ್ಯವಹಾರಗಳು ಸೆಕೆಂಡಿಗೆ 60ನ್ನೂ ದಾಟುವುದಿಲ್ಲ. ದೂರದ ಸ್ಟ್ಯಾಂಡ್‌ಬೈಗಳು ಒಂದಿಷ್ಟು ಹಿಂದಿರುವುದನ್ನು ಹೀಗಾಗಿ ದೋಷವೆಂದು ಎಣಿಸಬಾರದು.

ಗ್ಯಾಪ್ ಖಚಿತವಾದರೆ ತಪ್ಪಿದ ಹಾಳೆ ಎಲ್ಲಿದೆ ಎಂದು ಹುಡುಕುವುದೇ ಚಿಕಿತ್ಸೆ. ಆರ್ಕೈವ್, ಅಂದರೆ ಹಳೆಯ ಕಿರ್ದಿಗಳ ಉಗ್ರಾಣ, ಇದ್ದರೆ ಅಲ್ಲಿಂದ ತಂದು ಏರಿಸಿದರಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದ ಸ್ಲಾಟ್ ಎಂಬ ಏರ್ಪಾಡಿದೆ. ಸ್ಟ್ಯಾಂಡ್‌ಬೈ ಒಯ್ಯುವವರೆಗೆ ಪ್ರೈಮರಿ ಲಾಗನ್ನು ಅಳಿಸುವುದಿಲ್ಲ. ಆದರೆ ಸ್ಟ್ಯಾಂಡ್‌ಬೈ ಸತ್ತು ಬಿದ್ದರೆ ಲಾಗ್‌ಗಳು ಗುಡ್ಡೆಯಾಗಿ ಪ್ರೈಮರಿಯ ಡಿಸ್ಕೇ ತುಂಬಿ ನಿಲ್ಲುತ್ತದೆ. ಇದಕ್ಕೆ ಮಿತಿ ಹಾಕುವ ಅನುಕೂಲ ಬಂದದ್ದು 2020ರ 13ನೆಯ ಆವೃತ್ತಿಯಲ್ಲಿ.

ಸ್ಟ್ಯಾಂಡ್‌ಬೈಯನ್ನು ಅಳಿಸಿ ಹೊಸದಾಗಿ ಕಟ್ಟುವುದು ಕೊನೆಯ ಉಪಾಯವಾಗಿರಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಸ್ಟ್ಯಾಂಡ್‌ಬೈ ಹಿಂದುಳಿದು, ಅದಕ್ಕೆ ಬೇಕಾದ ಲಾಗ್‌ಗಳನ್ನು ಪ್ರೈಮರಿ ಆಗಲೇ ಅಳಿಸಿತ್ತು, ಉಗ್ರಾಣವೂ ಇರಲಿಲ್ಲ. ಹೊಸ ಪ್ರತಿ ತೆಗೆಯುವ ಆಜ್ಞೆ ಪ್ರೈಮರಿಯ ಒಂದು ಹಂತಕ್ಕಾಗಿ ಸದ್ದಿಲ್ಲದೆ ಕಾಯುತ್ತಿದ್ದುದನ್ನು ಕೆಟ್ಟುನಿಂತಿದೆ ಎಂದು ಭಾವಿಸಿದ ಎಂಜಿನಿಯರ್, ಸ್ಟ್ಯಾಂಡ್‌ಬೈಯ ಕಡತಗಳನ್ನು ಅಳಿಸಲು ಹೋಗಿ ಪ್ರೈಮರಿಯಲ್ಲೇ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಉಳಿದಿತ್ತು. ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿರಿಸಿದ್ದ ಒಂದು ಪ್ರತಿ ಸಂಸ್ಥೆಯನ್ನು ಉಳಿಸಿತು. ಬಳಿಕ ಅದು ಹಮ್ಮಿಕೊಂಡ ಕ್ರಮಗಳಲ್ಲಿ ಒಂದು ತೀರ ಸಣ್ಣದು: ಆಜ್ಞೆ ಬರೆಯುವ ಪ್ರತಿ ಸಾಲಿನ ಮೊದಲಲ್ಲಿ ಯಾವ ಯಂತ್ರವೆಂಬುದು ಎದ್ದು ಕಾಣುವಂತೆ ಮಾಡುವುದು.