ಮುಂಬಯಿ ಕಂಡು ಬಂದವರ ಬರವಣಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂಬ ಮೂರು ಸೀಮೆಗಳಲ್ಲಿ ಮುಂಬಯಿಯ ಹೆಸರನ್ನು ಕೇಳದೆ ಬೆಳೆದ ಮಗುವು ವಿರಳವು. ಒಂದು ಮನೆಯಿಂದ ಸೋದರಮಾವನು, ಇನ್ನೊಂದರಿಂದ ಚಿಕ್ಕಪ್ಪನು, ಮತ್ತೊಂದರಿಂದ ಮೀಸೆ ಮೊಳೆಯುವ ಮೊದಲೇ ಹೊರಟ ಹುಡುಗನು, ಹೀಗೆ ಯಾರಾದರೊಬ್ಬರು ಆ ನಗರದಲ್ಲಿ ಬೆವರು ಸುರಿಸಿದವರೇ. ಆದಕಾರಣ ಬೇಸಗೆಯ ರಜೆಯಲ್ಲಿ ಸಂಸಾರಸಮೇತರಾಗಿ ಮುಂಬಯಿಗೆ ಹೋಗಿ, ಬಂದರನ್ನು ನೋಡಿ, ವಜ್ರೇಶ್ವರಿ ಗಣೇಶಪುರಿಗಳ ಬಿಸಿನೀರಿನ ಕುಂಡಗಳಲ್ಲಿ ಮಿಂದು, ಪ್ರಸಾದದೊಡನೆ ಹಿಂದಿರುಗುವುದು ಇಲ್ಲಿಯ ಗೃಹಸ್ಥರಲ್ಲಿ ಬಹುಕಾಲದ ವಾಡಿಕೆಯಾಗಿದೆ. ಹಾಗೆ ಹೋಗಿ ಬಂದವರಲ್ಲಿ ಕೆಲವರು ತಾವು ಕಂಡುದನ್ನು ಬರೆಯುತ್ತಾರೆ. ಶಾಲೆಗಳ ವಾರ್ಷಿಕ ಸಂಚಿಕೆಗಳಲ್ಲಿಯೂ ಸಂಘಗಳ ಸ್ಮರಣಸಂಚಿಕೆಗಳಲ್ಲಿಯೂ ಇಂತಹ ಲೇಖನಗಳು ಬರುತ್ತಲೇ ಇವೆ. ಕತೆಕಾದಂಬರಿಗಳನ್ನು ತೂಗಿ ನೋಡುವ ವಿಮರ್ಶಕರು ಇವುಗಳ ಕಡೆಗೆ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಜನರು ಓದುವುದು ಇವುಗಳನ್ನೇ. ಆದುದರಿಂದ ಇವುಗಳ ಗುಣದೋಷಗಳ ವಿಚಾರವು ಅಪ್ರಸ್ತುತವಾಗಲಾರದು.

ಈ ಬರವಣಿಗೆಗಳ ಕ್ರಮವು ಬಹುಮಟ್ಟಿಗೆ ಒಂದೇ. ಮೊದಲು ರೈಲು ಹೊರಟ ಹೊತ್ತು. ಬಳಿಕ ನಿಲ್ದಾಣದಲ್ಲಿ ಎದುರುಗೊಂಡ ಬಂಧುವಿನ ಔದಾರ್ಯಕ್ಕೆ ಒಂದು ವಾಕ್ಯ. ಅನಂತರ ಗೇಟ್ ವೇ ಆಫ್ ಇಂಡಿಯಾ, ಎಲಿಫೆಂಟಾದ ಗುಹೆಗಳು, ರಾಣಿಬಾಗು, ಮಹಾಲಕ್ಷ್ಮಿಯ ಗುಡಿ. ಕೊನೆಗೆ ಒಂದು ದಿನ ಗಣೇಶಪುರಿ. ಪ್ರತಿಯೊಂದು ಸ್ಥಳಕ್ಕೂ 'ರಮಣೀಯ', 'ನಯನಮನೋಹರ', 'ಅವರ್ಣನೀಯ' ಎಂಬ ಮೂರು ವಿಶೇಷಣಗಳಲ್ಲಿ ಒಂದು ಹಂಚಿಕೆಯಾಗುತ್ತದೆ. ಅವರ್ಣನೀಯವೆಂದ ಮೇಲೆ ವರ್ಣಿಸುವ ಹೊಣೆಯೇ ತಪ್ಪಿತಲ್ಲವೆ? ಲೇಖನವು ಮುಗಿದಾಗ ವಾಚಕನಿಗೆ ಸ್ಥಳಗಳ ಹೆಸರು ತಿಳಿದಿರುತ್ತದೆ. ಹೋದವರು ಯಾರು, ಅವರು ಏನನ್ನು ಕಂಡರು ಎಂಬುದು ತಿಳಿದಿರುವುದಿಲ್ಲ. ಅದೇ ಲೇಖನಕ್ಕೆ ಬೇರೊಬ್ಬರ ಹೆಸರನ್ನು ಹಾಕಿದರೂ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ.

ಈ ದೋಷಕ್ಕೆ ಪ್ರಾಚೀನ ಆಲಂಕಾರಿಕರು ಹೆಸರಿಟ್ಟಿದ್ದಾರೆ. ಭಾಮಹನು ತನ್ನ ಕಾವ್ಯಾಲಂಕಾರದಲ್ಲಿ ಬರಿಯ ಸಂಗತಿಯನ್ನು ತಿಳಿಸುವ ಮಾತನ್ನು ಕಾವ್ಯವೆನ್ನದೆ 'ವಾರ್ತೆ' ಎಂದನು. ದಂಡಿಯಾದರೋ ವಸ್ತುವಿನ ಸ್ವರೂಪವನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಹೊರನೋಟಕ್ಕೆ ಎರಡೂ ಒಂದೇ; ಎರಡರಲ್ಲಿಯೂ ಉತ್ಪ್ರೇಕ್ಷೆಯಿಲ್ಲ, ರೂಪಕವಿಲ್ಲ, ಇದ್ದುದನ್ನು ಇದ್ದ ಹಾಗೆ ಹೇಳುವುದಷ್ಟೆ. ಹಾಗಾದರೆ ಭೇದವೆಲ್ಲಿ? ಹನ್ನೊಂದನೆಯ ಶತಮಾನದ ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳುಂಟು. ಎಲ್ಲರ ಮಾತಿಗೂ ಸಿಕ್ಕುವುದು ಸಾಮಾನ್ಯರೂಪವು. ಪ್ರತಿಭೆಯುಳ್ಳವನ ಮಾತಿಗೆ ಮಾತ್ರ ಸಿಕ್ಕುವುದು ವಿಶಿಷ್ಟರೂಪವು ಎಂಬುದು ಅವನ ಮತದ ಸಾರ. ಪ್ರವಾಸದ ಬರವಣಿಗೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇರೆ ಬೇಕಾಗಿಲ್ಲ.

ಈ ಒರೆಗಲ್ಲಿಗೆ ಒಂದು ನಿದರ್ಶನವನ್ನು ಹಚ್ಚಬಹುದು. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯವನು ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಗೆ ಹೋದನು. ಆ ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳನ್ನು ಹರವಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡು ಬರೆದಿಟ್ಟನು. ರಾಯಭಾರದ ರಾಜಕೀಯವು ಇಂದು ಇತಿಹಾಸಜ್ಞರಿಗಷ್ಟೇ ಬೇಕಾದುದು. ಮರಳಿನ ಮೇಲೆ ಬರೆದ ಆ ಅಂಕಿಗಳಾದರೋ ನಾನೂರು ವರ್ಷಗಳಾದರೂ ಅಳಿಸಿಲ್ಲ. ದಾರಿಯ ಬದಿಯಲ್ಲಿ ಸಿಕ್ಕುದನ್ನು ನಿಂತು ನೋಡಿ, ಹಾಗೆಯೇ ಬರೆದುದರಿಂದ ಅದು ಉಳಿಯಿತು. 'ಅವರ್ಣನೀಯ' ಎಂದು ಮುಂದೆ ನಡೆದಿದ್ದರೆ ಉಳಿಯುತ್ತಿರಲಿಲ್ಲ.

ಮುಂಬಯಿಯ ಬಂದರನ್ನು ಕುರಿತು ಬರೆಯುವವರು ಇದನ್ನು ಮರೆತಿರುತ್ತಾರೆ. ಗೇಟ್ ವೇ ಆಫ್ ಇಂಡಿಯಾದ ಕಟ್ಟಡವು ೧೯೨೪ರಲ್ಲಿ ಮುಗಿಯಿತು, ಎತ್ತರವು ಸುಮಾರು ೨೬ ಮೀಟರು ಎಂಬಿಷ್ಟನ್ನು ಎಲ್ಲರೂ ಬರೆಯುತ್ತಾರೆ. ಚಕ್ರವರ್ತಿಯ ಆಗಮನದ ನೆನಪಿಗೆಂದು ಎದ್ದ ಆ ಕಮಾನಿನ ಅಡಿಯಿಂದಲೇ ೧೯೪೮ರ ಫೆಬ್ರವರಿ ೨೮ರಂದು ಬ್ರಿಟಿಷರ ಕೊನೆಯ ಪಡೆಯು ಈ ದೇಶವನ್ನು ಬಿಟ್ಟುಹೋಯಿತೆಂಬುದನ್ನು ಬರೆಯುವವರು ಕಡಮೆ. ಅಲ್ಲಿಂದ ಅನತಿದೂರದಲ್ಲಿ ೧೮೭೫ರಲ್ಲಿ ಕಟ್ಟಿದ ಸಸೂನ್ ಡಾಕ್ ಇದೆ. ಬೆಳಗಿನ ಜಾವದಲ್ಲಿ ಮೀನಿನ ದೋಣಿಗಳು ಬಂದು ಸೇರುವ ಸ್ಥಳವದು. ಗಂಗೊಳ್ಳಿಯ ಬಂದರನ್ನು ದಿನವೂ ಕಾಣುವ ಕುಂದಾಪುರದವನಿಗೆ ಆ ಬುಟ್ಟಿಗಳೂ ಆ ಕೂಗೂ ಎಷ್ಟು ಪರಿಚಿತ, ಎಷ್ಟು ಭಿನ್ನ ಎಂದು ಹೇಳುವ ಯೋಗ್ಯತೆಯು ಬೇರೆ ಯಾರಿಗಿದೆ? ಕರಾವಳಿಯ ಮೊಗವೀರರು ೧೯೦೨ರಷ್ಟು ಹಿಂದೆಯೇ ಆ ನಗರದಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡವರು. ಆದರೂ ಡಾಕಿನ ಮಾತು ಈ ಲೇಖನಗಳಲ್ಲಿ ಬರುವುದಿಲ್ಲ. ಬಂದರೂ ದುರ್ಗಂಧದ ದೂರಾಗಿ ಮಾತ್ರ ಬರುತ್ತದೆ. ೧೯೪೪ರ ಏಪ್ರಿಲ್ ೧೪ರಂದು ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡುಗಳನ್ನೂ ಹತ್ತಿಯನ್ನೂ ಹೇರಿಕೊಂಡಿದ್ದ ಹಡಗು ಸಿಡಿದು ನೂರಾರು ಜನರು ಸತ್ತರು. ಬಂದರೆಂದರೆ ಕಮಾನಷ್ಟೇ ಅಲ್ಲ, ಅಲ್ಲಿ ಹೊರೆ ಹೊತ್ತು ಬದುಕುವವರೂ ಸಾಯುವವರೂ ಇದ್ದಾರೆಂಬ ಅರಿವು ಬರವಣಿಗೆಯಲ್ಲಿ ಎಲ್ಲಿಯಾದರೂ ಒಮ್ಮೆ ಮಿಂಚಬೇಡವೆ?

ಬಿಸಿನೀರಿನ ವಿಚಾರದಲ್ಲಿಯೂ ಇದೇ ಅವಸ್ಥೆ. ವಜ್ರೇಶ್ವರಿ, ಅಕಲೋಲಿ, ಗಣೇಶಪುರಿಗಳು ತಾನ್ಸಾ ನದಿಯ ತೀರದಲ್ಲಿರುವ ಕ್ಷೇತ್ರಗಳು. ವಸಯಿಯ ಕೋಟೆಯು ೧೭೩೯ರಲ್ಲಿ ಕೈವಶವಾದ ಮೇಲೆ ಹರಕೆಯಂತೆ ಚಿಮಾಜಿ ಅಪ್ಪನು ವಜ್ರೇಶ್ವರಿಯ ಗುಡಿಯನ್ನು ಕಟ್ಟಿಸಿದನು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ತಪಸ್ಸು ಮಾಡಿದ ನಿತ್ಯಾನಂದ ಸ್ವಾಮಿಗಳು ಗಣೇಶಪುರಿಯಲ್ಲಿ ನೆಲಸಿ ೧೯೬೧ರ ಆಗಸ್ಟ್ ೮ರಂದು ಸಮಾಧಿಸ್ಥರಾದರು; ಕರಾವಳಿಯವರು ಅಲ್ಲಿಗೆ ಹೋಗುವುದಕ್ಕೆ ಕುಂಡಗಳಿಗಿಂತಲೂ ಇದೇ ಹೆಚ್ಚಿನ ಕಾರಣವು. ನೀರಿನ ಬಿಸಿಗೆ ದೇವಿಯು ಕೊಂದ ದೈತ್ಯರ ರಕ್ತವೇ ಕಾರಣವೆಂದು ಸ್ಥಳದ ಜನರು ಹೇಳುತ್ತಾರೆ. ವಿದ್ಯಾವಂತನಾದ ಲೇಖಕನು ಆ ಕತೆಯನ್ನು ಹೇಳಿ, ಒಡನೆಯೇ 'ಇದು ಜ್ವಾಲಾಮುಖಿಯ ಪರಿಣಾಮ' ಎಂದು ಸೇರಿಸಿ ತನ್ನ ವಿಜ್ಞಾನವನ್ನು ತೋರಿಸುತ್ತಾನೆ. ಇದೂ ಇನ್ನೊಂದು ಕಟ್ಟುಕತೆಯೇ. ಅಲ್ಲಿಯ ಕರಿಕಲ್ಲು ಲಾವಾದಿಂದ ಆದುದು ನಿಜ. ಆದರೆ ಆ ಲಾವಾ ಹರಿದು ಸುಮಾರು ಆರೂವರೆ ಕೋಟಿ ವರ್ಷಗಳಾದುವು. ಅದರ ಬಿಸಿಯು ಎಂದೋ ಆರಿಹೋಯಿತು. ಮಳೆಯ ನೀರು ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಭೂಗರ್ಭದ ಸಹಜವಾದ ತಾಪದಿಂದ ಕಾದು, ಬೇರೊಂದು ಬಿರುಕಿನಿಂದ ಮೇಲಕ್ಕೆ ಬರುತ್ತದೆ. ಒಂದು ಕಿಲೋಮೀಟರು ಇಳಿದರೆ ಸುಮಾರು ೨೫ರಿಂದ ೩೦ ಡಿಗ್ರಿಗಳಷ್ಟು ಬಿಸಿಯು ಹೆಚ್ಚುವುದು ಭೂಮಿಯ ಸಾಮಾನ್ಯ ಧರ್ಮ.

ಇಂತಹ ಬುಗ್ಗೆಗಳು ಕೊಂಕಣದ ಉದ್ದಕ್ಕೂ ಇವೆ. ಕೆಲವೆಡೆ ನೀರು ಸುಮಾರು ೭೦ ಡಿಗ್ರಿಯವರೆಗೂ ಕಾದಿರುತ್ತದೆ. ತುರಳ, ಆರವಲಿ, ರಾಜಾಪುರಗಳ ಬುಗ್ಗೆಗಳು ಕೊಂಕಣ ರೈಲಿನ ದಾರಿಗೆ ಹತ್ತಿರದಲ್ಲಿಯೇ ಇವೆ. ೧೯೯೮ರ ಜನವರಿಯಲ್ಲಿ ಈ ದಾರಿಯು ಪೂರ್ಣವಾಗಿ ತೆರೆದಂದಿನಿಂದ ಕುಂದಾಪುರದಲ್ಲಿಯೋ ಬಾರಕೂರಿನಲ್ಲಿಯೋ ಬೈಂದೂರಿನಲ್ಲಿಯೋ ಗಾಡಿಯನ್ನೇರಿದ ಪ್ರಯಾಣಿಕನು ಮುಂಬಯಿಯನ್ನು ತಲಪುವ ಮೊದಲೇ ಬಿಸಿನೀರಿನ ಈ ಸಾಲನ್ನು ಹಾದುಹೋಗುತ್ತಾನೆ. ಅವನು ಅದನ್ನು ಬರೆಯುವುದಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಅವನು 'ಪ್ರವಾಸ'ದಲ್ಲಿ ಇರುವುದಿಲ್ಲ, ಕೇವಲ ಗಾಡಿಯಲ್ಲಿ ಇರುತ್ತಾನೆ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆಯೊಂದು ಸ್ವಂತ ಕರಾವಳಿಯಲ್ಲಿಯೇ ಇದೆಯೆಂಬ ನೆನಪೂ ಅವನಿಗೆ ಬರುವುದಿಲ್ಲ.

ಇವೆಲ್ಲ ತಿಳಿವಳಿಕೆಯ ಕೊರತೆ, ಓದಿನಿಂದ ತುಂಬಬಹುದಾದುದು. ಓದಿನಿಂದ ತುಂಬಲಾರದ ಕೊರತೆ ಇನ್ನೊಂದಿದೆ. ಗಣೇಶಪುರಿಯ ಕುಂಡದ ಮುಂದೆ ನಿಂತವರಲ್ಲಿ ಮನೆಯೊಡತಿಯೂ ಒಬ್ಬಳು. ಊರಿನ ಬಚ್ಚಲಿನಲ್ಲಿ ಮಡಲನ್ನೂ ತೆಂಗಿನ ಸಿಪ್ಪೆಯನ್ನೂ ಒಲೆಗೆ ತುರುಕಿ, ಹೊಗೆಯಲ್ಲಿ ಕಣ್ಣುಜ್ಜಿಕೊಂಡು, ಮನೆಮಂದಿಗೆಲ್ಲ ಹಂಡೆಯ ನೀರನ್ನು ಕಾಯಿಸಿ, ತಾನು ಕೊನೆಯಲ್ಲಿ ತಣಿದುಹೋದ ನೀರಿನಲ್ಲಿ ಮೀಯುವ ಹೆಂಗಸರು ಈ ಸೀಮೆಯಲ್ಲಿ ಎಷ್ಟೋ ಮಂದಿ. ಸೌದೆಯಿಲ್ಲದೆ, ಒಲೆಯಿಲ್ಲದೆ, ಯಾರೂ ಕಾಯಿಸದೆ ತಾನಾಗಿ ಕಾದ ನೀರನ್ನು ಅಂತಹವಳು ಕಂಡಾಗ ಅವಳಿಗೆ ಏನನ್ನಿಸಿತು? ಇಡಿಯ ಪ್ರವಾಸದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯು ಇದೊಂದೇ ಇದ್ದಿರಬಹುದು. ಮಹಿಮಭಟ್ಟನು ಹೇಳಿದ ವಿಶಿಷ್ಟರೂಪವು ಅಲ್ಲಿಯೇ, ಲೇಖಕನ ಮಗ್ಗುಲಲ್ಲಿಯೇ ನಿಂತಿತ್ತು. ಅವನು ಫಲಕವನ್ನು ಓದಿ ಇಸವಿಯನ್ನು ಬರೆದುಕೊಂಡನು.

ಆತಿಥ್ಯ ಕೊಟ್ಟ ಬಂಧುವಿನ ಗತಿಯೂ ಇದಕ್ಕಿಂತ ಮೇಲಲ್ಲ. ಇಕ್ಕಟ್ಟಾದ ಎರಡು ಕೋಣೆಗಳಲ್ಲಿ ಆರು ಜನರಿಗೆ ಹಾಸಿಗೆ ಹಾಸಿ, ತಾನು ಬಾಗಿಲ ಹೊರಗೆ ಮಲಗಿ, ಸಂಬಳವಿಲ್ಲದ ರಜೆಯನ್ನು ಪಡೆದು ಊರನ್ನು ತೋರಿಸಿದವನಿಗೆ ಒಂದು ವಾಕ್ಯದ ಧನ್ಯವಾದ! ಮುಂಬಯಿಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ಕರಾವಳಿಯ ಹುಡುಗರು ಅನೇಕರು. ಅಂತಹವನೊಬ್ಬನು ತಾನು ಓದಿದ ಕಟ್ಟಡವನ್ನು ದಾರಿಯಲ್ಲಿ ಬೆರಳೆತ್ತಿ ತೋರಿಸಿದ್ದರೆ, ಅದು ರಾಣಿಬಾಗಿಗಿಂತ ಕಡಮೆಯ ಪ್ರೇಕ್ಷಣೀಯವೆ?

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಇವರು ಕವಿಗಳಲ್ಲ, ಗೃಹಸ್ಥರು. ನೆನಪಿಗಾಗಿ ನಾಲ್ಕು ಮಾತು ಬರೆದರೆ ಅಲಂಕಾರಶಾಸ್ತ್ರವನ್ನು ಹಿಡಿದು ಅಳೆಯುವುದು ನ್ಯಾಯವೆ ಎಂಬುದು ಮೊದಲನೆಯದು. ನೆನಪಿಗಾಗಿ ಬರೆದುದು ಪೆಟ್ಟಿಗೆಯಲ್ಲಿರುವವರೆಗೆ ಈ ಆಕ್ಷೇಪವು ಸರಿ. ಅಚ್ಚಾದ ಮೇಲೆ ಅದು ವಾಚಕನ ಹೊತ್ತನ್ನು ಕೇಳುತ್ತದೆ; ಹೊತ್ತನ್ನು ಕೇಳಿದವನು ಪ್ರತಿಯಾಗಿ ಏನನ್ನಾದರೂ ಕೊಡಬೇಕು. ಮನೆಯ ಮಾತನ್ನು, ಬಂಧುವಿನ ಬಡತನವನ್ನು ಬೀದಿಗೆ ತರುವುದು ಮರ್ಯಾದೆಯೆ ಎಂಬುದು ಎರಡನೆಯದು. ಇದು ತೂಕವುಳ್ಳ ಮಾತು. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನೂ ಇದನ್ನು ಒಪ್ಪಿಯಾನು. ಆದರೆ ಹೆಸರನ್ನು ಹೇಳದೆ ಶ್ರಮವನ್ನು ಹೇಳಬಹುದು. ಕೋಣೆಯ ಅಳತೆಯನ್ನು ಬಿಟ್ಟು ಮನಸ್ಸಿನ ಅಳತೆಯನ್ನು ಕೊಡಬಹುದು. ಮರ್ಯಾದೆಯ ನೆವದಿಂದ ಮನುಷ್ಯನನ್ನೇ ಅಳಿಸಿಬಿಡುವುದು ಮರ್ಯಾದೆಯಲ್ಲ.

ಕನ್ನಡದ ಕಾದಂಬರಿಕಾರರು ಈ ನಗರವನ್ನು ಬೇರೆ ಬಗೆಯಾಗಿ ಕಂಡಿದ್ದಾರೆ. ಉಡುಪಿಯ ಕಡೆಯ ವ್ಯಾಸರಾಯ ಬಲ್ಲಾಳರು 'ಬಂಡಾಯ'ದಲ್ಲಿ ಗಿರಣಿಯ ಕಾರ್ಮಿಕರ ಹೋರಾಟವನ್ನು ಚಿತ್ರಿಸಿದರು. ಆ ಕೃತಿಗೆ ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯು ಬಂದಿತು. ಯಶವಂತ ಚಿತ್ತಾಲರ 'ಶಿಕಾರಿ' ೧೯೭೯ರದು. ಕಂಪೆನಿಯೊಂದರ ಒಳಸಂಚಿನಲ್ಲಿ ಸಿಕ್ಕಿದವನ ಕಳವಳವೇ ಅದರ ವಸ್ತು. ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಚಾಳುಗಳ ಚಿಕ್ಕ ಮನುಷ್ಯರು ಬರುತ್ತಾರೆ. ಅಲ್ಲಿ ಮುಂಬಯಿಯು ದುಡಿಮೆಯ ಊರು, ಭಯದ ಊರು, ಒಂಟಿತನದ ಊರು. ಈ ಲೇಖಕರ ಮುಂಬಯಿಯಲ್ಲಾದರೋ ಯಾರೂ ದುಡಿಯುವುದಿಲ್ಲ. ಎಲ್ಲರೂ ನೋಡುತ್ತಲೇ ಇರುತ್ತಾರೆ. ಒಂದೇ ನಗರದ ಈ ಎರಡು ಚಿತ್ರಗಳು ಒಂದನ್ನೊಂದು ಅರಿಯವು.

ಹಾಗೆಂದು ಸಂಸಾರಪ್ರವಾಸದ ಬರವಣಿಗೆಗೆ ಬೆಲೆಯಿಲ್ಲವೆಂದು ತಿಳಿಯಬಾರದು. ಕಾದಂಬರಿಯು ನಗರದಲ್ಲಿ ಇರುವವನನ್ನು ಹೇಳುತ್ತದೆ. ಊರಿನಲ್ಲಿ ಉಳಿದವರು ಅವನನ್ನು ನೋಡಲು ಹೋದಾಗ ಆಗುವುದನ್ನು ಹೇಳಲು ಇದೊಂದೇ ಪ್ರಕಾರಕ್ಕೆ ಸಾಧ್ಯ. ಮಗನು ಕಳುಹಿಸಿದ ಮನಿಯಾರ್ಡರಿನಿಂದ ಮನೆಯನ್ನು ನಡೆಸಿದ ತಂದೆಯು, ಆ ಹಣವು ಹುಟ್ಟುವ ಜಾಗವನ್ನು ಮೊದಲ ಬಾರಿ ಕಾಣುವುದು ಇಂತಹ ಪ್ರವಾಸದಲ್ಲಿಯೇ. ಎಷ್ಟೋ ಹೆಂಗಸರು ಊರಿನ ಹೊಳೆಯಾಚೆಗೆ ಕಾಲಿಟ್ಟುದು ಇಂತಹ ಪ್ರವಾಸದಿಂದಲೇ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬಹುದೇಶಗಳನ್ನು ಸುತ್ತಿ ಪ್ರವಾಸಕಥನಗಳನ್ನು ಬರೆದರು. ಅವರೇ 'ಮರಳಿ ಮಣ್ಣಿಗೆ'ಯಲ್ಲಿ, ಊರನ್ನು ಬಿಟ್ಟು ಹೋದವರನ್ನೂ ಮನೆಯಲ್ಲಿ ದುಡಿದು ಸವೆದ ಹೆಂಗಸರನ್ನೂ ಒಂದೇ ಕಣ್ಣಿನಿಂದ ಕಂಡರು. ನೋಡುವ ಕಣ್ಣು ಒಂದೇ ಆಗಿದ್ದರೆ ಎಲಿಫೆಂಟಾದ ತ್ರಿಮೂರ್ತಿಯಂತೆ ಬಚ್ಚಲಿನ ಒಲೆಯೂ ಕಾಣುತ್ತದೆ.

ಆದುದರಿಂದ ಮುಂದೆ ಬರೆಯುವವರು ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಲಿ. ಇಸವಿಗಳನ್ನು ಬರೆಯುವುದಾದರೆ ಸರಿಯಾಗಿ ಬರೆಯಲಿ. ಜೊತೆಯಲ್ಲಿ ಬಂದವರು ಏನು ಹೇಳಿದರೆಂಬುದನ್ನು ಮರೆಯುವ ಮೊದಲು ಗುರುತು ಹಾಕಿಕೊಳ್ಳಲಿ. ಸಂಚಿಕೆಗಳ ಸಂಪಾದಕರೂ 'ಅವರ್ಣನೀಯ'ವೆಂಬ ಶಬ್ದವು ಕಂಡಲ್ಲೆಲ್ಲ ಲೇಖನವನ್ನು ಹಿಂದಕ್ಕೆ ಕಳುಹಿಸಿ, ಅಲ್ಲಿ ಕಂಡುದೇನೆಂದು ಕೇಳುವ ಧೈರ್ಯವನ್ನು ತಂದುಕೊಳ್ಳಲಿ. ದುಡಿಮೆಗೆ ಹೋದ ಒಂದು ತಲೆಮಾರು ಮುಗಿಯುತ್ತಿದೆ. ಅವರನ್ನು ಕಂಡು ಬಂದವರ ನೆನಪೂ ಅವರೊಡನೆಯೇ ಮುಗಿಯುತ್ತದೆ. ಕಮಾನುಗಳೂ ಗುಹೆಗಳೂ ಇನ್ನೂ ಬಹುಕಾಲ ನಿಂತಿರುವವು. ಅವುಗಳನ್ನು ವರ್ಣಿಸಲು ಅವಸರವಿಲ್ಲ. ನಿಲ್ದಾಣದಲ್ಲಿ ಕಾದು ನಿಂತಿದ್ದ ಮನುಷ್ಯನನ್ನು ಕುರಿತು ಬರೆಯುವುದಾದರೆ ಈಗಲೇ ಬರೆಯಬೇಕು.